ಒಂದೇ ಹೆಸರಿನ ಆರು ಮನೆಗಳು

ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ, ಮಣೆಯಿಂದ ಏಳುವುದಕ್ಕೆ ಮುಂಚೆ, ಹಿಂದಿನ ದಿನ ಶಿವ ಮಾಡಿದ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ನೆನೆಯುವುದು ನನ್ನ ರೂಢಿ. ಹೇಳಿದ ಹೊತ್ತಿಗೆ ನಲ್ಲಿ ನೀರು ಬಂತು, ಒಂದು. ಅತ್ತೆಯ ಮೊಣಕಾಲು ನೋವು ಕಡಿಮೆ ಇತ್ತು, ಎರಡು. ಬಿಸಿಲು ಚೆನ್ನಾಗಿ ಬಿದ್ದು ಹಪ್ಪಳ ಒಣಗಿತು, ಮೂರು. ಬಳ್ಳಾರಿಯ ಬಿಸಿಲನ್ನು ಉಪಕಾರ ಅಂತ ಎಣಿಸುವವಳು ನೀನೊಬ್ಬಳೇ ಎಂದು ಯಜಮಾನರು ನಗುತ್ತಾರೆ. ನಗಲಿ.

ಈ ಎಣಿಕೆಗೆ ಒಂದು ಶ್ರಾವಣದಲ್ಲಿ ಕಂಪ್ಯೂಟರೂ ಬಂದು ಸೇರಿತು. ಉಪಕಾರವಾಗುವ ಮೊದಲು ಅದು ಸ್ವಲ್ಪ ಅಪಕಾರವನ್ನೂ ಮಾಡಿತು. ಹಾಗೆಂದು ಅದರ ಮೇಲೆ ಹಾಕುವುದು ತಪ್ಪು, ಮಾಡಿದವಳು ನಾನು.

ಕುರುಗೋಡಿನ ಹತ್ತಿರ ನಮ್ಮ ಮನೆತನ ನಡೆದುಕೊಳ್ಳುವ ಒಂದು ಸಣ್ಣ ಮಠವಿದೆ. ಶ್ರಾವಣ ಮಾಸವಿಡೀ ಅಲ್ಲಿ ಸಂಜೆ ಪುರಾಣ, ಪುರಾಣ ಮುಗಿದ ಮೇಲೆ ದಾಸೋಹ. ಅನ್ನ, ಸಾರು ಮಠದ್ದು. ರೊಟ್ಟಿ ಮಾತ್ರ ಭಕ್ತರ ಮನೆಗಳಿಂದಲೇ ಬರಬೇಕು. ದಿನಕ್ಕೆ ಮೂರು ನಾಲ್ಕು ಮನೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳು ಎಲ್ಲ ಸೇರಿ ನೂರರ ಮೇಲೆ. ಒಂದೊಂದು ಮನೆಗೂ ಇಂಥದೇ ದಿನ ಎಂದು ಗೊತ್ತು. ಸೇವೆ ಹಿಡಿದ ಮನೆಗೆ ಮಠದವರು ಒಂದು ಕಾವಿ ಜೋಳಿಗೆ ಕೊಟ್ಟಿರುತ್ತಾರೆ. ಅದು ವರ್ಷವಿಡೀ ದೇವರ ಮನೆಯ ಗೂಟಕ್ಕೆ ತೂಗುತ್ತಿರುತ್ತದೆ. ತಮ್ಮ ದಿನ ಬಂದಾಗ ಮನೆಯ ಹಿರಿಯ ಹೆಣ್ಣುಮಗಳು ತಾನೇ ಬಡಿದ ರೊಟ್ಟಿಯನ್ನು ಅದರಲ್ಲಿ ತುಂಬಿ ತರುತ್ತಾಳೆ, ಖಾಲಿ ಜೋಳಿಗೆಯನ್ನು ಮತ್ತೆ ಮನೆಗೆ ಒಯ್ಯುತ್ತಾಳೆ. ಜೋಳಿಗೆಯನ್ನು ತೊಳೆದು ಮಡಿಚಿ ವಾಪಸು ಕಳಿಸಿದರೆ ಸೇವೆ ಬಿಟ್ಟಂತೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಯಾವ ದಿನ ಯಾರದು ಎಂಬುದನ್ನು ಬಹಳ ವರ್ಷದಿಂದ ಬರೆದಿಡುತ್ತಿದ್ದವರು ನನ್ನ ಅತ್ತೆ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಹೆಸರು, ಊರು, ದಿನ, ಮೊಬೈಲು ಬಂದ ಮೇಲೆ ನಂಬರು, ಕೊನೆಗೆ ‘ಗುರುತು’ ಎಂಬ ಒಂದು ಕಾಲಂ. ಕಣ್ಣಿಗೆ ಪೊರೆ ಬಂದು ಅವರಿಗೆ ತಮ್ಮ ಅಕ್ಷರವೇ ಕಾಣದಂತಾಯಿತು. ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಅನ್ನುತ್ತೇವೆ. ಅವರೇ ಒಂದು ದಿನ ಅಂದರು: “ತಾಯೀ, ಈ ಪುಸ್ತಕ ನಿಮ್ಮ ಸೊಸಿ ಕೈಗೆ ಕೊಡ್ರಿ. ಈ ಸಲ ಕಂಪ್ಯೂಟರಿನಾಗ ಹೊಡದು ಗ್ವಾಡಿಗೆ ಹಚ್ಚೂಣು. ಎಲ್ಲಾರಿಗೂ ಕಾಣ್ತೈತಿ.”

ಅಜ್ಜಾರ ಮಾತಿಗೆ ಅತ್ತೆ ಇಲ್ಲವೆನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ ಪುಸ್ತಕವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ನಮ್ಮ ಮನೆ ಕೌಲ್ ಬಜಾರಿನ ಒಂದು ಓಣಿಯಲ್ಲಿ. ಓಣಿಯ ತುದಿಗೆ ಜೀನ್ಸ್ ಹೊಲಿಯುವ ಒಂದು ಕಾರ್ಖಾನೆ, ಅದರ ಮೇಲಿನ ಮಹಡಿಯಲ್ಲಿ ಮಧ್ಯಾಹ್ನ ಹೆಂಗಸರಿಗೆ ಕಂಪ್ಯೂಟರ್ ಕ್ಲಾಸು. ಕೆಳಗೆ ಮಶೀನುಗಳೆಲ್ಲ ಒಟ್ಟಿಗೆ ಓಡಿದರೆ ಮೇಲೆ ನಮ್ಮ ಮೇಜು ನಡುಗುತ್ತದೆ. ಕಲಿಸುವ ಮೇಡಂ ಅದೇ ಓಣಿಯ ಮುಸಲ್ಮಾನರ ಮನೆ ಹೆಣ್ಣುಮಗಳು, ನನ್ನ ಅರ್ಧ ವಯಸ್ಸು. ನೂರು ಮನೆಯ ಹೆಸರು, ಊರು, ನಂಬರನ್ನು ನಾನು ಒಂದು ಹಾಳೆಯಲ್ಲಿ ಹೊಡೆದೆ. ಮೂವತ್ತು ದಿನದ ಪಟ್ಟಿಗೆ ಅದನ್ನೆಲ್ಲ ಮತ್ತೆ ಹೊಡೆಯಲು ಕೂತಾಗ ಅವರು ಕೈ ಹಿಡಿದರು.

“ಅರೆ ಆಂಟಿ, ಒಮ್ಮೆ ಬರದದ್ದು ಮತ್ತ ಯಾಕ ಬರೀತೀರಿ? ರೇಷನ್ ಅಂಗಡ್ಯಾಗ ಪಟ್ಟಿ ಹಚ್ಚಿರ್ತಾರಲ್ಲ, ಅದರಾಗ ನಿಮ್ಮ ಹೆಸರು ಹೆಂಗ ಹುಡುಕ್ತೀರಿ?”

“ಎಡಗಡಿ ಬೆರಳು ಇಟ್ಕೊಂಡು ಮ್ಯಾಲಿಂದ ಕೆಳಗ ಬರ್ತೀನಿ.”

“ಹೆಸರು ಸಿಕ್ಕ ಮ್ಯಾಲ?”

“ಅಲ್ಲೇ ನಿಂತು ಬಲಗಡಿ ಸರೀತೀನಿ. ಅಕ್ಕಿ ಎಷ್ಟು ಬಂದೈತಿ ನೋಡ್ತೀನಿ.”

“ಬಸ್. ವಿ-ಲುಕಪ್ ಅಂದ್ರ ಅಷ್ಟ. ಏನು ಹುಡುಕಬೇಕು, ಯಾವ ಪಟ್ಟ್ಯಾಗ ಹುಡುಕಬೇಕು, ಸಿಕ್ಕ ಮ್ಯಾಲ ಎಷ್ಟನೇ ಕಾಲಂಗೆ ಸರೀಬೇಕು. ಕೊನಿಗೆ ಒಂದು ಸೊನ್ನಿ. ಸೊನ್ನಿ ಹಾಕಿದ್ರ, ಹೇಳಿದ ಹೆಸರ ಬೇಕು ಅಂತ ಹಟ ಹಿಡೀತದ. ಮರತ್ರ, ಅಂದಾಜಿನ ಮ್ಯಾಲ ಯಾರದೋ ತಂದು ಕೊಡ್ತದ.”

ದೇಶನೂರು ನನ್ನ ತವರು. ಅಲ್ಲಿಯ ನನ್ನ ಅತ್ತಿಗೆಯ ಹೆಸರು ಹೊಡೆದು, ಪಕ್ಕದ ಚೌಕದಲ್ಲಿ ಮೇಡಂ ಹೇಳಿದ ಸೂತ್ರ ಬರೆದು, ಎಂಟರ್ ಒತ್ತಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ‘ದೇಶನೂರು’ ಬಂದು ಕೂತಿತು. ಅದರ ಮುಂದಿನ ಚೌಕದಲ್ಲಿ ನಂಬರು. ನನಗೆ ಗೊತ್ತಿಲ್ಲದೆ ಕೈ ಮುಗಿದೆ.

“ಮಶೀನಿಗೆ ಯಾಕ ಕೈ ಮುಗೀತೀರಿ ಆಂಟಿ?”

“ಮಶೀನಿಗಲ್ಲವ್ವಾ. ಇಂಥಾ ಬುದ್ಧಿ ಕೊಟ್ಟಾತಗೆ.”

ಹುಡುಕುವ ಪಟ್ಟಿ ಜಾಗ ಬಿಟ್ಟು ಸರಿಯದಂತೆ ಡಾಲರ್ ಗುರುತು ಹಾಕುವುದನ್ನೂ ಅವರು ಕಲಿಸಿದರು. ಕ್ಯಾಲೆಂಡರಿಗೆ ಮೊಳೆ ಹೊಡೆದಂತೆ ಎಂದು ನಾನು ನೆನಪಿಟ್ಟುಕೊಂಡೆ. ಮೊಳೆ ಹೊಡೆದ ಮೇಲೆ ಚೌಕದ ಮೂಲೆ ಹಿಡಿದು ಕೆಳಗೆ ಎಳೆದೆ. ಮೂವತ್ತು ದಿನದ ಹೆಸರುಗಳ ಮುಂದೆ ಊರು, ನಂಬರು ಮಳೆ ಹನಿದಂತೆ ಇಳಿಯುತ್ತ ಬಂದವು. ನಮ್ಮ ಮನೆಯ ಸಾಲು ನೋಡಿದೆ, ಸರಿ. ತವರಿನದು ನೋಡಿದೆ, ಸರಿ. ಇನ್ನೆರಡು ನೋಡಿದೆ. ಅಷ್ಟಕ್ಕೇ ಸಂತೋಷಪಟ್ಟು ಪ್ರಿಂಟು ತೆಗೆಸಿದೆ.

ಆ ಹಾಳೆಗಳಲ್ಲಿ ನಾನು ಒಂದನ್ನು ಬಿಟ್ಟಿದ್ದೆ. ಅತ್ತೆಯ ‘ಗುರುತು’. ಪುಸ್ತಕ ಓದುತ್ತ ಹೋದಂತೆ ಅದು ನನಗೆ ಮುಜುಗರ ತಂದಿತ್ತು. ‘ಬಾವಿ ಮನಿಯಾಕಿ’, ‘ಎಳ್ಳು ಹಚ್ಚಾಕಿ’ ಎಂಬಂಥವು ಪರವಾಗಿಲ್ಲ. ‘ತಡಾ ಬರಾಕಿ’, ‘ಉಪ್ಪು ಮರಿಯಾಕಿ’ ಎಂಬಂಥವೂ ಇದ್ದವು. ಮಠದ ಗೋಡೆಗೆ ಹೋಗುವ ಪಟ್ಟಿಯಲ್ಲಿ ಇವೆಲ್ಲ ಯಾಕೆ? “ಗುರುತು ಬರದಿಯಿಲ್ಲೋ?” ಎಂದು ಅತ್ತೆ ಕೇಳಿದಾಗ ಹ್ಞೂಂ ಅಂದುಬಿಟ್ಟೆ. ಪೊರೆ ಬಂದ ಕಣ್ಣಿಗೆ ಹೇಳಿದ ಸುಳ್ಳು.

ಶ್ರಾವಣ ಶುರುವಾಗುವ ಹೊತ್ತಿಗೆ ಪಟ್ಟಿ ಗೋಡೆ ಹತ್ತಿತು. ಅದರ ಫೋಟೋ ಹೆಂಗಸರ ವಾಟ್ಸಾಪ್ ಗುಂಪಿಗೂ ಹೋಯಿತು. ಎರಡನೆಯ ದಿನ ಸಿರಿಗೇರಿಯಿಂದ ಒಬ್ಬಳು ಫೋನು ಮಾಡಿದಳು.

“ಯಕ್ಕಾ, ಈ ಪಟ್ಟಿ ಮಾಡಿದವ್ರು ಯಾರು?”

“ನಾನ ನೋಡವಾ. ಯಾಕ?”

“ಹಿಂದಿನ ಜನ್ಮದಾಗ ನಾ ಎಷ್ಟು ಮಂದಿ ರೊಟ್ಟಿ ಕದ್ದು ತಿಂದಿದ್ನೋ ಏನೋ! ಒಂದ ತಿಂಗಳದಾಗ ಆರು ದಿನ ನಂದ ಹೆಸರು, ನಂದ ಊರು, ನಂದ ನಂಬರು. ಮುಂಜಾನಿಂದ ಫೋನ್ ಮ್ಯಾಲ ಫೋನ್. ನಮ್ಮ ಮನ್ಯಾಗ ಅಂತಾರ, ನಾಟಿ ಹಚ್ಚೂದು ಬಿಟ್ಟು ರೊಟ್ಟಿ ಅಂಗಡಿನ ಇಡೂಣು ಅಂತ!”

ಅವಳೂ ನಕ್ಕಳು, ನಾನೂ ನಕ್ಕೆ. ಅವಳ ಹೆಸರು ನಮ್ಮ ಭಾಗದ ದೇವರ ಹೆಸರು. ಆ ದೇವರಿಗೆ ಹರಕೆ ಹೊತ್ತು ಹುಟ್ಟಿದವರು, ಅಜ್ಜಿಯ ಹೆಸರು ಇಟ್ಟುಕೊಂಡವರು ಹೀಗೆ ಊರಿಗೆ ನಾಲ್ಕೈದು ಮಂದಿ ಅದೇ ಹೆಸರಿನವರು. ನಮ್ಮ ಪಟ್ಟಿಯಲ್ಲಿ ಆರು ಮಂದಿ. ನಾಳೆ ಕ್ಲಾಸಿಗೆ ಹೋದಾಗ ಸರಿಮಾಡಿದರಾಯಿತು ಎಂದುಕೊಂಡು ಬೇಳೆ ಕುದಿಯಲಿಟ್ಟೆ.

ಅದೇ ಮಧ್ಯಾಹ್ನ ಕುರುಗೋಡಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ತೊಳೆದು, ಮಡಿಚಿ, ಮೇಲೆ ವಿಭೂತಿ ಇಟ್ಟ ಜೋಳಿಗೆ.

ಶ್ರಾವಣದ ಮೂರನೆಯ ಸೋಮವಾರ ಅದೇ ಹೆಸರಿನ, ಕುರುಗೋಡಿನ ಒಬ್ಬ ಅಜ್ಜಿಯ ದಿನ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಅವಳದೇ. ಬಂದವಳು ಆ ಅಜ್ಜಿಯ ಮೊಮ್ಮಗನ ಹೆಂಡತಿ. ಅವಳು ಕೂರಲೂ ಇಲ್ಲ.

“ನಾ ಬ್ಯಾಡ ಅಂದೆ, ಅಮ್ಮಾ. ಕೇಳವಲ್ಲಳು. ಮಗ್ಗಲ ಮನಿಯಾಕಿ ಗ್ವಾಡಿ ಮ್ಯಾಲ ಓದಿ ಹೇಳ್ಯಾಳ, ನಿನ್ನ ಸೋಮವಾರ ಸಿರಿಗೇರಿಯಾಕಿಗೆ ಕೊಟ್ಟಾರ ಅಂತ. ‘ನನ್ನ ಕೈ ನಡುಗ್ತಾವು ಅಂತ ಅವ್ರಿಗೆ ಗೊತ್ತಾಗೇತಿ. ಬಾಯಿಲೆ ಹೇಳಿದ್ರ ನಾನ ಬಿಡ್ತಿದ್ದೆ, ಗ್ವಾಡಿಗೆ ಯಾಕ ಹಚ್ಚಬೇಕಿತ್ತು’ ಅಂತಾಳ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ವರ್ಷ ಎಲ್ಲಾ ನಾ ಆಕಿನ್ನ ಒಲಿ ಹತ್ರ ಬಿಡಂಗಿಲ್ಲ. ಕೈ ಸುಟ್ಕೊಂತಾಳ ಅಂತ ಹೆದರಿಕಿ. ಆ ಒಂದು ದಿನ ನಾ ಹೊರಗ ಕುಂದ್ರತೀನಿ, ಒಲಿ ಆಕಿದು. ಆ ಒಂದು ದಿನದ ಸಲುವಾಗಿ ವರ್ಷ ಎಲ್ಲಾ ಜೋಳ ಆರಿಸ್ತಾಳ.”

ಅವಳು ಹೋದ ಮೇಲೆ ಅತ್ತೆ ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆಯನ್ನು ಬೆರಳಿನಿಂದ ಸವರಿದರು.

“ಗುರುತು ಬರದಿದ್ದಿಯೇನು?”

“ಇಲ್ಲ ಅತ್ತೀ.”

“ಅವತ್ತು ಹ್ಞೂಂ ಅಂದಿ.”

“ತಪ್ಪಾತು.”

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. “ದೇವರ ಹೆಸರು ಎಲ್ಲಾರಿಗೂ ಒಂದ. ಗುರುತು ನೋಡು, ಅದು ಒಬ್ಬೊಬ್ಬರಿಗೆ ಒಂದೊಂದು. ನಾ ಏನು ಮಂದಿನ್ನ ಬೈಯಾಕ ಬರದಿದ್ನೇನು?” ಜೋಳಿಗೆಯನ್ನು ಪಕ್ಕಕ್ಕಿಡುತ್ತ ಅಂದರು: “ಒಂದೆರಡು ಬೈಯಾಕನ ಬರ್ದೀನಿ. ಇಲ್ಲ ಅನ್ನಂಗಿಲ್ಲ.”

ಮರುದಿನ ನಾನು ಕ್ಲಾಸಿಗೆ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದರು. ಆ ಕಡಿದಾದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಕೆಂಪು ಪುಸ್ತಕ ಹಿಡಿದು ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಮೇಡಂ ಅವರಿಗೆ ಮೊದಲು ನೀರು ಕೊಟ್ಟರು. ಆಮೇಲೆ ಹೆಸರಿನ ಕಾಲಂ ಮೇಲೆ ಒಂದು ಬಾಣದ ಗುರುತು ತರಿಸಿ, ಆ ಹೆಸರೊಂದನ್ನೇ ಆರಿಸಿ ಒತ್ತಿದರು. ಇದ್ದಕ್ಕಿದ್ದಂತೆ ಹಾಳೆಯಲ್ಲಿ ಆರೇ ಸಾಲು ಉಳಿದವು.

“ಅಯ್ಯ ಶಿವನ! ಉಳಿದವ್ರು ಎಲ್ಲಿ ಹೋದ್ರು?” ನಾನು ಪರದೆಯ ಹತ್ತಿರ ಬಗ್ಗಿದೆ.

“ಎಲ್ಲೂ ಹೋಗಿಲ್ಲ ಆಂಟಿ, ಮರ್‍ಯಾಗ ನಿಂತಾರ. ಇದು ಫಿಲ್ಟರ್. ಬೇಕಾದವ್ರನ್ನ ಅಷ್ಟ ಮುಂದ ಕರೀತದ. ಈಗ ನೋಡ್ರಿ.”

ಮೊದಲ ಸಾಲಿನಲ್ಲಿ ಸಿರಿಗೇರಿಯವಳು. ಕಟ್ಟಕಡೆಗೆ ಕುರುಗೋಡಿನ ಅಜ್ಜಿ. ಹಾಳೆಯಲ್ಲಿ ಅವಳ ಊರು ಅವಳ ಹೆಸರಿನ ಮುಂದೆ ಸರಿಯಾಗಿಯೇ ಇತ್ತು. ಹುಡುಕಿಸಿದ ನಾನು ಅಲ್ಲಿಯವರೆಗೆ ಹೋಗಿರಲಿಲ್ಲ.

“ಲುಕಪ್ ಬೆರಳು ಮೊದಲ ಹೆಸರಿಗೇ ನಿಂತುಬಿಡ್ತದ,” ಅಂದರು ಮೇಡಂ. “ಹೇಳಿದ ಹೆಸರು ಸಿಕ್ಕಿತು, ಅದರ ಕೆಲಸ ಮುಗೀತು. ಕೆಳಗ ಇನ್ನೂ ಐದು ಮಂದಿ ಕುಂತಾರ ಅಂತ ಅದಕ್ಕೇನು ಮಾಲೂಮ್? ಹುಡುಕೂದು ಯಾವಾಗ್ಲೂ ಒಬ್ಬರಿಗಷ್ಟ ಇರೂ ಚೀಜಿನ ಮ್ಯಾಲ ಹುಡುಕಬೇಕು. ಒಬ್ಬೊಬ್ಬರಿಗೆ ಒಂದು ನಂಬರ್ ಕೊಡೂಣು.”

ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದರು. “ಮಂದಿಗೆ ನಂಬರ್ ಹಾಕ್ತೀಯೇನವಾ? ಎಮ್ಮಿ ಕಿವಿಗೆ ಬಿಲ್ಲಿ ಹೊಡದಂಗ?”

“ಹಂಗಾರ ಏನು ಹಾಕೂಣು, ಅಮ್ಮಾ?”

“ಗುರುತು ಹಾಕು. ನಾ ಸುಮ್ನ ಬರದಿಲ್ಲ.”

ಮೇಡಂ ಪುಸ್ತಕದ ಕೊನೆಯ ಕಾಲಂ ಮೇಲೆ ಬೆರಳಾಡಿಸಿ ಓದಿದರು, ಒಂದೆರಡು ಕಡೆ ಬಾಯಿಗೆ ದುಪಟ್ಟಾ ಇಟ್ಟುಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಆಂಟಿ, ನಿಮ್ಮ ಅತ್ತಿ ನಮಗಿಂತ ಮೊದಲ ಕಲ್ತಾರ,” ಅಂದರು. ಅತ್ತೆ ಲೋಟದಲ್ಲಿ ಉಳಿದ ನೀರು ಕುಡಿದರು.

ಹಾಗೆ ಎಡಗಡೆಯ ಮೊದಲ ಕಾಲಂ ಗುರುತಿನದಾಯಿತು. ಒಂದೇ ಗುರುತು ಎರಡು ಸಲ ಬಂದರೆ ಬಣ್ಣ ತೋರಿಸುವಂತೆಯೂ ಮೇಡಂ ಮಾಡಿದರು. ‘ಬಾವಿ ಮನಿಯಾಕಿ’ ಎರಡು ಕಡೆ ಕೆಂಪಾಯಿತು. “ಒಬ್ಬಾಕಿದು ಸಿಹಿನೀರ ಬಾವಿ, ಇನ್ನೊಬ್ಬಾಕಿದು ಸವಳು,” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಸಿಹಿ, ಸವಳು ಸೇರಿಸಿದೊಡನೆ ಕೆಂಪು ಹೋಯಿತು. ಕುರುಗೋಡಿನ ಅಜ್ಜಿಯ ಸಾಲಿಗೆ ಬಂದಾಗ ನನ್ನ ಕೈ ನಿಂತಿತು. ಅತ್ತೆ ಅವಳಿಗೆ ಬರೆದ ಗುರುತು ‘ಜಗಳಗಂಟಿ’.

“ಇದನ್ನ ಹೊಡೀಲೇನು ಅತ್ತೀ?”

“ಹೊಡಿ. ಆಕಿನ್ನ ಬಿಟ್ರ ಇನ್ಯಾರಿಗೂ ಕೂಡಂಗಿಲ್ಲ ಅದು.”

ಗೋಡೆಗೆ ಹೋಗುವ ಪಟ್ಟಿಯಲ್ಲಿ ಆ ಕಾಲಂ ಕಾಣದಂತೆ ಮುಚ್ಚುವುದನ್ನು ಮೇಡಂ ತೋರಿಸಿದರು. ಒಳಗೆ ಇರುತ್ತದೆ, ಕೆಲಸ ಮಾಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಈ ಸಲ ನಾಲ್ಕು ಸಾಲು ನೋಡಿ ಸಂತೋಷಪಡಲಿಲ್ಲ. ನಾನು ಒಂದೊಂದೇ ಓದಿದೆ, ಅತ್ತೆ ಒಂದೊಂದಕ್ಕೂ ಹೌದು ಅಂದರು. ನೂರು ಮನೆ ದಾಟುವಷ್ಟರಲ್ಲಿ ಕೆಳಗಿನ ಮಶೀನುಗಳು ನಿಂತು ಹೊಲಿಗೆಯವರು ಚಹಾಕ್ಕೆ ಹೋಗಿದ್ದರು.

ಪಟ್ಟಿ ಸರಿಯಾಯಿತು. ಜೋಳಿಗೆ ಮಾತ್ರ ನಮ್ಮ ಮನೆಯಲ್ಲೇ ಇತ್ತು. ಮೂರನೆಯ ಸೋಮವಾರಕ್ಕೆ ಇನ್ನು ಎರಡೇ ವಾರ. ಹೊಸ ಹಾಳೆ, ಜೋಳಿಗೆ, ಕೆಂಪು ಪುಸ್ತಕ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಕಿಟಕಿ ಪಕ್ಕ ಸೀಟು, ರಾತ್ರಿ ಹನಿದದ್ದಕ್ಕೆ ದಾರಿಯಲ್ಲಿ ಧೂಳಿಲ್ಲ. ಮೂರು ಉಪಕಾರ ಎಣಿಸಿದೆ. ನಾಲ್ಕನೆಯದನ್ನು ಕೇಳಲು ಬಾಯಿ ಬರಲಿಲ್ಲ, ತಪ್ಪು ನನ್ನದಾಗಿತ್ತು.

ಅಜ್ಜಿ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿ ತೊಗರಿ, ಜೋಳವಲ್ಲ.

“ಯಾರು?”

“ಬಳ್ಳಾರಿ ಪುಸ್ತಕದಮ್ಮನ ಸೊಸಿ, ಅಜ್ಜೀ.”

“ಕುಂದ್ರು. ಚಾ ಕುಡಿ. ಪುಸ್ತಕದ ಮಾತು ಬ್ಯಾಡ.”

ಚಹಾ ಕುಡಿದೆ. ಕುಡಿದು ಕೇಳಿದೆ: “ಅಜ್ಜೀ, ಈ ಓಣ್ಯಾಗ ನಿಂತು ನಿಮ್ಮ ಹೆಸರು ಹಿಡದು ಕೂಗಿದ್ರ ಎಷ್ಟು ಮಂದಿ ಓ ಅಂತಾರ?”

“ನಾಕು ಮಂದಿ. ಒಬ್ಬಾಕಿಗೆ ಕಿವಿ ಕೇಳಂಗಿಲ್ಲ. ಮೂರು ಅಂತ ತಿಳ್ಕೊ.”

“ನಾ ಹಂಗ ಕೂಗಿದೆ ನೋಡ್ರಿ. ಮೊದಲು ಓ ಅಂದಾಕಿ ಸಿರಿಗೇರಿಯಾಕಿ. ಆಕಿನ್ನ ಕರಕೊಂಡು ಹೋಗಿ ನಿಮ್ಮ ಮಣಿ ಮ್ಯಾಲ ಕುಂದ್ರಿಸಿದೆ. ನಿಮ್ಮ ಸೋಮವಾರ ಯಾರೂ ಕಸಗೊಂಡಿಲ್ಲ. ನಂದ ತಪ್ಪು.”

ಅಜ್ಜಿ ಮೊರ ಕೆಳಗಿಟ್ಟು ಎರಡೂ ಕೈ ನನ್ನ ಮುಂದೆ ಚಾಚಿದಳು. ಗಾಳಿಗೆ ಎಲೆ ಅಲುಗಿದಂತೆ ಅಲುಗುತ್ತಿದ್ದವು. “ನನ್ನ ಸಮಾಧಾನಕ್ಕ ಹೇಳ್ತಿ. ಇವನ್ನ ಯಾರೋ ನೋಡ್ಯಾರ, ಹೇಳ್ಯಾರ. ಪುಸ್ತಕದಾಗರ ನಾ ಅದೀನೋ ಇಲ್ಲೋ? ಏನಂತ ಬರದಾಳ ನಿಮ್ಮತ್ತಿ? ಓದು.”

ಪುಸ್ತಕ ತೆರೆದೆ. ಅವಳ ಹೆಸರು ಓದಿದೆ. ಕುರುಗೋಡು. ಮೂರನೇ ಸೋಮವಾರ. ಮೊಮ್ಮಗನ ನಂಬರು. ನಿಲ್ಲಿಸಿದೆ.

“ಮುಂದ ಇನ್ನೇನೋ ಐತಿ. ನುಂಗಬ್ಯಾಡ.”

“ಗುರುತು, ಅಜ್ಜೀ.”

“ಏನಂತ?”

“ಜಗಳಗಂಟಿ.”

ಒಳಗೆ ಮೊಮ್ಮಗನ ಹೆಂಡತಿಯ ಕೈಯಿಂದ ಪಾತ್ರೆಯೊಂದು ಜಾರಿತು. ಅಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಣಿಯತೊಡಗಿತು, ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು, ಆಗ ತಿಳಿಯಿತು ನಗುತ್ತಿದ್ದಾಳೆ ಎಂದು.

“ಇನ್ನೂ ಇಟ್ಕೊಂಡಾಳ! ಸೌಟಿನ ಜಗಳ ಅದು. ದಾಸೋಹದಾಗ ಸಾರು ನಾ ಬಡಿಸ್ತೀನಿ, ನೀ ಬಡಿಸ್ತಿ ಅಂತ ಇಬ್ರೂ ಸೌಟು ಜಗ್ಗ್ಯಾಡಿದ್ವಿ. ಆಗಿನ್ನೂ ನಿನ್ನ ಗಂಡ ಹುಟ್ಟಿದ್ದಿಲ್ಲ. ಸೌಟು ನಂದ ಇತ್ತು, ಹೇಳು ನಿಮ್ಮತ್ತಿಗೆ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಹಂಗಾರ ಅದು ನಾನ. ಹೆಸರಿನಾಕೇರು ಓಣಿ ತುಂಬ ಅದಾರ, ಜಗಳಗಂಟಿ ನಾ ಒಬ್ಬಾಕಿನ. ತಾ ಇಲ್ಲಿ ಜೋಳಿಗಿ.”

ಕೊಟ್ಟೆ. ಅದನ್ನು ಕೊಡವಿ ಮಡಿಕೆ ಬಿಡಿಸಿ ಒಳಗೆ ಕೂಗಿದಳು: “ಏ, ಜೋಳ ತಗಿಯವಾ. ಮೂರನೇ ಸೋಮವಾರ ನೀ ಹೊರಗ!”

ನಾನು ಹೊಸ ಹಾಳೆ ತೋರಿಸಿದೆ. ಮೊಮ್ಮಗನ ಹೆಂಡತಿ ಬಂದು ಅವಳ ಸಾಲು ಓದಿದಳು. ಅಜ್ಜಿ ಕಾದಳು. “ಗುರುತು ಎಲ್ಲಿ?”

“ಮುಚ್ಚೀನಿ ಅಜ್ಜೀ. ಮಂದಿ ಓದ್ತಾರ ಅಂತ.”

“ತಗಿ. ಮತ್ತ ಸಿರಿಗೇರಿಗೆ ಹೋದೀತು ನನ್ನ ಸೋಮವಾರ.”

ಆ ಕಾಲಂ ತೆರೆದರೆ ಉಪ್ಪು ಮರೆಯುವವಳೂ ತಡವಾಗಿ ಬರುವವಳೂ ಎಲ್ಲರೂ ಗೋಡೆಗೆ ಬರುತ್ತಾರೆ. ಒಬ್ಬಳದೇ ತೋರಿಸುವುದು ಹೇಗೆಂದು ಮೇಡಂ ನನಗಿನ್ನೂ ಕಲಿಸಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, ಪ್ರಿಂಟಾದ ಸಾಲಿನ ಪಕ್ಕ ಪೆನ್ನಿನಿಂದ ಬರೆದೆ. ವಾಪಸು ಬರುವಾಗ ಮಠಕ್ಕೆ ಹೋಗಿ ಹಳೆಯದನ್ನು ಕಿತ್ತು ಅದನ್ನು ಅಂಟಿಸಿದೆ.

ಮೂರನೆಯ ಸೋಮವಾರ ಅತ್ತೆಯನ್ನೂ ಕರೆದುಕೊಂಡು ಹೋದೆ. ಪುರಾಣಕ್ಕೆ ಮುಂಚೆ ಅಜ್ಜಿ ಬಂದಳು. ಹೆಗಲಿಗೆ ತುಂಬಿದ ಜೋಳಿಗೆ, ಎಡಗೈಯಲ್ಲಿ ಒಂದು ಸುಟ್ಟ ಬೊಬ್ಬೆ. ರೊಟ್ಟಿಗಳ ಅಂಚು ಒಂದೂ ದುಂಡಗಿರಲಿಲ್ಲ. ಅತ್ತೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, “ಎಳ್ಳು ಕಡಿಮಿ ಆಗೇತಿ,” ಅಂದರು.

“ಕಣ್ಣು ಕಾಣದಾಕಿಗೆ ಎಳ್ಳು ಕಂಡ್ವೇನು?” ಎಂದಳು ಅಜ್ಜಿ. ಆಮೇಲೆ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಎ‍ಳೆದುಕೊಂಡು ಹೋದಳು. “ತೋರ್ಸು.”

ಅವಳ ನಡುಗುವ ಬೆರಳನ್ನು ನನ್ನ ಕೈಯಲ್ಲಿ ಹಿಡಿದು ಪಟ್ಟಿಯ ಎಡಗಡೆ ಇಟ್ಟೆ. ಮೇಲಿನಿಂದ ಕೆಳಗೆ ಬಂದೆವು. ಅವಳ ಹೆಸರೇ ಸಿಕ್ಕಿತು, ಸಿರಿಗೇರಿಯದು. ನಿಲ್ಲಲಿಲ್ಲ. ಇನ್ನೊಂದು ಸಿಕ್ಕಿತು, ದಾಟಿದೆವು. ಮೂರನೆಯ ಸೋಮವಾರಕ್ಕೆ ಬಂದು ಬೆರಳು ನಿಂತಿತು. ಅಲ್ಲಿಂದ ಬಲಕ್ಕೆ ಸರಿಸಿದೆ. ಕುರುಗೋಡು. ಇನ್ನೂ ಬಲಕ್ಕೆ, ನೀಲಿ ಶಾಯಿಯ ತನಕ.

“ಇದ ಏನು?”

“ಇದ ಅಜ್ಜೀ.”

ಅವಳು ಆ ಅಕ್ಷರಗಳ ಮೇಲೆ ಬೆರಳು ಒತ್ತಿ, ಕಣ್ಣಿಗೆ ಒತ್ತಿಕೊಂಡಳು. ಒಳಗೆ ಯಾರೋ ಸಾರಿನ ಕೊಪ್ಪರಿಗೆ ಇಳಿಸುವ ಸದ್ದು ಕೇಳಿ, ಸೌಟು ಯಾರ ಕೈಯಲ್ಲಿದೆ ನೋಡೋಣ ಎಂದು ಅತ್ತೆಗಿಂತ ಮುಂಚೆ ಹೊರಟಳು.